ಯಂತ್ರವಿಟ್ಟ ಹೆಸರು

ಮಗು ಹುಟ್ಟಿದ ಮನೆಯಲ್ಲಿ ನಾಮಕರಣದ ದಿನ ಬರಲೆಂದು ಯಾರೂ ಕಾದು ಕುಳಿತಿರುವುದಿಲ್ಲ. ಪಾಪು, ಪುಟ್ಟ, ಪುಟ್ಟಿ, ಮರಿ—ಬಾಯಿಗೆ ಬಂದ ಯಾವುದೋ ಒಂದು ಹೆಸರು ಮೊದಲ ದಿನವೇ ಮಗುವಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಪುರೋಹಿತರು ಬರುತ್ತಾರೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ತಾತನ ಹೆಸರನ್ನೋ ಮನೆದೇವರ ಹೆಸರನ್ನೋ ಬರೆಯಿಸಿ, ಕಿವಿಯಲ್ಲಿ ಹೇಳಿಸಿ, ದಕ್ಷಿಣೆ ಪಡೆದು ಹೋಗುತ್ತಾರೆ. ಆದರೆ ಗೆಲ್ಲುವ ಹೆಸರು ಯಾವುದು? ಐವತ್ತು ದಾಟಿ, ತಲೆ ನರೆತು, ಕಚೇರಿಯಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುವ ಮಹನೀಯರು ಕೂಡ ಮನೆಯ ಹೊಸ್ತಿಲು ದಾಟಿದೊಡನೆ ‘ಪುಟ್ಟಣ್ಣ’ನೇ ಆಗಿಬಿಡುತ್ತಾರೆ!

ತಾತ್ಕಾಲಿಕವೆಂದು ಇಟ್ಟುದು ಶಾಶ್ವತವಾಗಿ ಉಳಿಯುವುದು ಸಂಸಾರದಲ್ಲಿ ಹೊಸ ಸಂಗತಿಯಲ್ಲ. ಅಲ್ಲಿ ಅದರಿಂದ ಕೇಡೂ ಇಲ್ಲ. ಆ ಹೆಸರಿನಲ್ಲಿ ಪ್ರೀತಿಯಿದೆ. ಆದರೆ ಇದೇ ಸಂಗತಿ ಕಂಪ್ಯೂಟರಿನೊಳಗೆ ನಡೆದಾಗ ಏನಾಗುತ್ತದೆಂಬುದನ್ನು ನಾನು ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೇ ಕಂಡೆ.

ನನ್ನ ಅಣ್ಣನ ಮಗಳು ಆಗ ಎಂಜಿನಿಯರಿಂಗ್ ವ್ಯಾಸಂಗದ ಕೊನೆಯ ವರ್ಷದಲ್ಲಿದ್ದಳು. ಮೂರು ತಿಂಗಳು ರಾತ್ರಿ ಹಗಲೆನ್ನದೆ ಬರೆದ ಪ್ರೋಗ್ರಾಮನ್ನು ಪರೀಕ್ಷೆಗೆ ಕಳುಹಿಸಿ, ನೆಮ್ಮದಿಯಿಂದ ಊಟ ಮಾಡಿ ಮಲಗಿದಳು. ಮರುದಿನ ಬೆಳಗ್ಗೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತವಳ ಮುಖ ಬಾಡಿಹೋಗಿತ್ತು.

“ಚಿಕ್ಕಪ್ಪ, ನಾನು ಬೇರೆಯದನ್ನು ಕಳುಹಿಸಿಬಿಟ್ಟಿದ್ದೇನೆ. ಪ್ರಾಜೆಕ್ಟ್ 7 ಕಳುಹಿಸಬೇಕಾಗಿತ್ತು, 6 ಹೋಗಿದೆ. ಅದು ಅರ್ಧಕ್ಕೆ ಬಿಟ್ಟದ್ದು.”

“ಹೆಸರು ಯಾಕಮ್ಮ ಇಡಲಿಲ್ಲ?”

“ಆಮೇಲೆ ಇಟ್ಟರಾಯಿತು ಅಂದುಕೊಂಡೆ.”

ಆಕೆಯ ಯಂತ್ರದಲ್ಲಿ ನೋಡಿದೆ. ಪ್ರಾಜೆಕ್ಟ್ 1ರಿಂದ 11ರವರೆಗೆ ಹನ್ನೊಂದು ಫೋಲ್ಡರುಗಳು ಒಂದೇ ಸಮವಸ್ತ್ರ ಧರಿಸಿದ ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದೇ ಒಂದಕ್ಕೂ ಆಕೆ ಹೆಸರಿಟ್ಟಿರಲಿಲ್ಲ. ಎಲ್ಲವೂ ಯಂತ್ರವಿಟ್ಟ ಹೆಸರುಗಳೇ. ಗಡುವು ಮುಗಿದಿತ್ತು. ಕಳುಹಿಸಿದ್ದಕ್ಕೆ ಎಷ್ಟು ಸಲ್ಲಬೇಕೋ ಅಷ್ಟು ಅಂಕಗಳು ಬಂದವು. ನಿಜವಾದ ದುಡಿಮೆಯ ಫಲ ಯಂತ್ರದೊಳಗೇ ಉಳಿಯಿತು.

ಈಗ ಅವಳು ಉದ್ಯೋಗದಲ್ಲಿದ್ದಾಳೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ತಮ್ಮ ಪ್ರಾಜೆಕ್ಟುಗಳನ್ನು ಆರಂಭಿಸುವುದಕ್ಕೆ ನೆರವಾಗುವ ಒಂದು ಸಣ್ಣ ಉಪಕರಣವನ್ನು ಸಿದ್ಧಪಡಿಸುವ ಹೊಣೆ ಈಚೆಗೆ ಅವಳ ಪಾಲಿಗೆ ಬಂದಿತು. ಒಂದು ಭಾನುವಾರ ಕಾಫಿ ಕುಡಿಯುತ್ತ ಕೇಳಿದಳು: “ಚಿಕ್ಕಪ್ಪ, ಹೆಸರು ಕೇಳಿದಾಗ ಏನೂ ಹೇಳದೆ ಮುಂದಕ್ಕೆ ಹೋಗುವವರಿಗೆ ನಾನು ಯಾವ ಹೆಸರು ಕೊಡಲಿ?”

ಮೂವತ್ತು ವರ್ಷ ಈ ಯಂತ್ರಗಳ ಜೊತೆ ಕಳೆದ ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೌನಕ್ಕೆ ಸಿಕ್ಕುವ ಹೆಸರು

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಇಂದಿನ ಪ್ರೋಗ್ರಾಮ್ ಎಂಬುದು ಒಂದೇ ಹಾಳೆಯಲ್ಲಿ ಮುಗಿಯುವ ಬರಹವಲ್ಲ. ಹತ್ತಾರು, ಕೆಲವೊಮ್ಮೆ ಸಾವಿರಾರು ಫೈಲುಗಳು ಒಂದು ಫೋಲ್ಡರಿನೊಳಗೆ ಸೇರಿ ಒಂದು ‘ಪ್ರಾಜೆಕ್ಟ್’ ಆಗುತ್ತದೆ. ಇವನ್ನು ಬರೆದು ತಿದ್ದುವ ಸಾಧನಕ್ಕೆ ಕೋಡ್ ಎಡಿಟರ್ ಎಂದು ಹೆಸರು. ಹೊಸ ಪ್ರಾಜೆಕ್ಟ್ ಬೇಕೆಂದು ಕೇಳಿದಾಗ ಅದು ಹೆಸರೇನೆಂದು ವಿಚಾರಿಸುತ್ತದೆ. ಜೊತೆಗೆ ತಾನೇ ಒಂದು ಹೆಸರನ್ನು ಬರೆದಿಟ್ಟಿರುತ್ತದೆ. ನಾವು ಸುಮ್ಮನೆ ಗುಂಡಿಯೊತ್ತಿದರೆ ಆ ಹೆಸರೇ ಸ್ಥಿರವಾಗುತ್ತದೆ. ಇದನ್ನು ಡಿಫಾಲ್ಟ್ ಹೆಸರು ಎನ್ನುತ್ತಾರೆ. ನಮ್ಮ ಮೌನಕ್ಕೆ ಸಿಕ್ಕುವ ಹೆಸರು ಎಂದರೂ ಸರಿಯೆ.

ಆಮೇಲೆ ಬದಲಾಯಿಸಿದರಾಯಿತಲ್ಲ ಎನ್ನಬಹುದು. ಅಲ್ಲಿಯೇ ತೊಡಕಿರುವುದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಷುಯಲ್ ಸ್ಟುಡಿಯೋದಲ್ಲಿ ಸಿ-ಶಾರ್ಪ್ ಭಾಷೆಯ ಒಂದು ಪ್ರಾಜೆಕ್ಟನ್ನು ಆರಂಭಿಸಿದಿರೆಂದು ಇಟ್ಟುಕೊಳ್ಳೋಣ. ಅಲ್ಲಿ ಕೊಟ್ಟ ಹೆಸರು ಫೋಲ್ಡರಿಗೆ ಹೋಗುತ್ತದೆ, ಪ್ರಾಜೆಕ್ಟಿನ ಫೈಲಿಗೆ ಹೋಗುತ್ತದೆ, ಬರೆಯುವ ಕೋಡಿನ ಒಳಗೆ ಕುಲನಾಮದಂತೆ ಸೇರುತ್ತದೆ, ಕೊನೆಗೆ ಸಿದ್ಧವಾಗುವ ಪ್ರೋಗ್ರಾಮಿಗೂ ಅದೇ ಹೆಸರಾಗುತ್ತದೆ. ತಿಂಗಳ ನಂತರ ಪಟ್ಟಿಯಲ್ಲಿ ಹೆಸರನ್ನು ತಿದ್ದಿದರೆ ಪ್ರಾಜೆಕ್ಟಿನ ಫೈಲು ಹೊಸ ಹೆಸರನ್ನು ಪಡೆಯುತ್ತದೆ. ಫೋಲ್ಡರು ಹಳೆಯ ಹೆಸರಿನಲ್ಲಿಯೇ ಉಳಿಯುತ್ತದೆ, ಆಗಲೇ ಬರೆದ ಕೋಡಿನೊಳಗಿನ ಹೆಸರೂ ಹಾಗೆಯೇ ಉಳಿಯುತ್ತದೆ. ಮನೆಯ ಮುಂದಿನ ಫಲಕವನ್ನು ಬದಲಾಯಿಸಿದ ಮಾತ್ರಕ್ಕೆ ರೇಷನ್ ಕಾರ್ಡು, ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ಪುಸ್ತಕಗಳಲ್ಲಿ ಹೆಸರು ಬದಲಾಗುವುದೆ?

ಆದುದರಿಂದ, ಡಿಫಾಲ್ಟ್ ಹೆಸರನ್ನು ಆರಿಸುವವನು ಅದು ತಾತ್ಕಾಲಿಕವೆಂದು ತಿಳಿದು ಆರಿಸಬಾರದು. ಬಹುಮಂದಿ ಅದನ್ನು ಎಂದೆಂದಿಗೂ ಉಳಿಸಿಕೊಳ್ಳುವರೆಂದು ತಿಳಿದೇ ಆರಿಸಬೇಕು.

ಅರ್ಧ ಶತಮಾನ ಬಾಳಿದ ಹೆಸರು

ಇದು ಉತ್ಪ್ರೇಕ್ಷೆಯಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಅವರು ಪಿಡಿಪಿ-7 ಎಂಬ ಸಣ್ಣ ಕಂಪ್ಯೂಟರಿನ ಮೇಲೆ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅಲ್ಲಿ ಅಸೆಂಬ್ಲರ್ ಎಂಬ ಸಾಧನವು ಬರಹವನ್ನು ಯಂತ್ರಭಾಷೆಗೆ ತಿರುಗಿಸಿ ಒಂದೇ ಗೊತ್ತಾದ ಹೆಸರಿನ ಫೈಲಿನಲ್ಲಿ ಇಡುತ್ತಿತ್ತು. ‘ಅಸೆಂಬ್ಲರಿನಿಂದ ಹೊರಬಂದದ್ದು’ ಎಂಬರ್ಥದಲ್ಲಿ ಅದರ ಹೆಸರು ‘ಎ.ಔಟ್’. ಬೇರೆ ಹೆಸರು ಕೊಡುವ ಅನುಕೂಲ ಆಮೇಲೆ ಬಂದಿತು. ಆದರೂ ಏನೂ ಹೇಳದವರಿಗೆ ‘ಎ.ಔಟ್’ ಎಂಬ ಹಳೆಯ ಹೆಸರೇ ಮುಂದುವರಿಯಿತು. ಇಂದು ಲಿನಕ್ಸ್ ಯಂತ್ರದ ಮುಂದೆ ಕುಳಿತು ಸಿ ಭಾಷೆಯ ಮೊದಲ ಪಾಠ ಕಲಿಯುವ ವಿದ್ಯಾರ್ಥಿಗೂ ಹೊರಬರುವುದು ಎ.ಔಟ್ ಫೈಲೇ. ಆ ಅಸೆಂಬ್ಲರ್ ಹೋಯಿತು, ಆ ಕಂಪ್ಯೂಟರ್ ವಸ್ತುಸಂಗ್ರಹಾಲಯ ಸೇರಿತು, ಹೆಸರು ಮಾತ್ರ ಉಳಿಯಿತು!

ಈ ಹೆಸರಿಗೆ ಇನ್ನೊಂದು ದೋಷವೂ ಉಂಟು. ಅದೇ ಫೋಲ್ಡರಿನಲ್ಲಿ ಎರಡನೆಯ ಪ್ರೋಗ್ರಾಮನ್ನು ಸಿದ್ಧಪಡಿಸಿದರೆ ಹೊಸ ಎ.ಔಟ್ ಹಳೆಯದನ್ನು ಒಂದು ಮಾತೂ ಕೇಳದೆ ಅಳಿಸಿ ತಾನು ಕುಳಿತುಕೊಳ್ಳುತ್ತದೆ. ಹಿಂದಿನದನ್ನು ಎಂದೂ ನುಂಗಬಾರದೆಂಬ ಮೊದಲನೆಯ ನೀತಿಯನ್ನು ಇದರಿಂದ ಕಲಿಯಬಹುದು.

ಅಂಕಿಗಳ ಸಾಲು

ಆ ನೀತಿಯನ್ನು ಪಾಲಿಸುವ ಸುಲಭೋಪಾಯವೆಂದರೆ ಅಂಕಿ ಸೇರಿಸುವುದು. 1991ರಲ್ಲಿ ಬಂದ ವಿಷುಯಲ್ ಬೇಸಿಕ್ ತನ್ನ ಮೊದಲ ಪ್ರಾಜೆಕ್ಟಿಗೆ ‘ಪ್ರಾಜೆಕ್ಟ್1’ ಎಂದೂ ಅದರ ಮೊದಲ ಕಿಟಕಿಗೆ ‘ಫಾರ್ಮ್1’ ಎಂದೂ ಹೆಸರಿಟ್ಟಿತು. ಇಂದಿನ ವಿಷುಯಲ್ ಸ್ಟುಡಿಯೋ ‘ಕನ್ಸೋಲ್‌ಆ್ಯಪ್1’ ಎನ್ನುತ್ತದೆ. ಇಂಟೆಲಿಜೆ ಎಂಬ ಎಡಿಟರ್ ‘ಅನ್‌ಟೈಟಲ್ಡ್’, ಅಂದರೆ ‘ಹೆಸರಿಲ್ಲದ್ದು’ ಎಂಬುದನ್ನೇ ಹೆಸರಾಗಿಸುತ್ತದೆ. ಮಕ್ಕಳಿಗಾಗಿ ಅಮೆರಿಕದ ಎಂ.ಐ.ಟಿ.ಯಲ್ಲಿ ರೂಪುಗೊಂಡು 2007ರಲ್ಲಿ ಸಾರ್ವಜನಿಕರ ಕೈಗೆ ಬಂದ ಸ್ಕ್ರಾಚ್ ಸಹ ಹೀಗೆಯೇ ಮಾಡುತ್ತದೆ. ನಿಮ್ಮ ಮನೆಯ ಮಗು ಸ್ಕ್ರಾಚ್ ಕಲಿಯುತ್ತಿದ್ದರೆ ಅದರ ಪಟ್ಟಿಯನ್ನೊಮ್ಮೆ ನೋಡಿ. ಬೆಕ್ಕು ಕುಣಿಯುವ ಆಟ ಯಾವುದು, ರಾಕೆಟ್ಟು ಹಾರುವ ಆಟ ಯಾವುದು ಎಂಬುದನ್ನು ಮಗುವೇ ಒಂದೊಂದಾಗಿ ತೆರೆದು ಹುಡುಕುತ್ತಿರಬಹುದು.

ಅಂಕಿಯ ಗುಣವೆಂದರೆ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅದರ ದೋಷವೆಂದರೆ ಯಾವುದು ಮೊದಲು ಹುಟ್ಟಿತೆಂಬುದರ ಹೊರತು ಬೇರೇನನ್ನೂ ಅದು ಹೇಳುವುದಿಲ್ಲ. ಅಡಿಗೆಮನೆಯ ಹನ್ನೊಂದು ಡಬ್ಬಗಳ ಮೇಲೆ ಒಂದರಿಂದ ಹನ್ನೊಂದರವರೆಗೆ ಬರೆದಿಟ್ಟರೆ ತೊಗರಿಬೇಳೆ ಎಲ್ಲಿದೆಯೆಂದು ಹೇಳಬಲ್ಲವರು ಯಾರು? ನನ್ನ ಅಣ್ಣನ ಮಗಳು ಎಡವಿದ್ದು ಇಲ್ಲಿಯೇ.

ದಿನಾಂಕವೂ, ತಮಾಷೆಯೂ

ಎಣಿಕೆಗಿಂತ ಒಂದು ಹೆಜ್ಜೆ ಮುಂದಿರುವುದು ದಿನಾಂಕ. 2001ರಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಎಂಬುವರು ಚಿತ್ರಕಲಾವಿದರಿಗೂ ಪ್ರೋಗ್ರಾಮ್ ಬರೆಯುವುದು ಸುಲಭವಾಗಲೆಂದು ಪ್ರೋಸೆಸಿಂಗ್ ಎಂಬ ಸಾಧನವನ್ನು ಆರಂಭಿಸಿದರು. ಅದರಲ್ಲಿ ಪ್ರತಿಯೊಂದು ಕೃತಿಗೂ ‘ಸ್ಕೆಚ್’ ಎಂದು ಹೆಸರು. ಅದಕ್ಕೆ ಆ ದಿನದ ವರ್ಷ, ತಿಂಗಳು, ತಾರೀಖು ಆರು ಅಂಕಿಗಳಲ್ಲಿ ಸೇರಿ, ಕೊನೆಗೆ ‘ಎ’ ಅಕ್ಷರ ಬರುತ್ತದೆ. ಅದೇ ದಿನದ ಎರಡನೆಯದು ‘ಬಿ’. ದಿನವೊಂದರಲ್ಲಿ ‘ಝಡ್’ ಕೂಡ ಮುಗಿದರೆ? ಅದನ್ನು ಬರೆದವರು ಅದಕ್ಕೂ ಉತ್ತರ ಇಟ್ಟಿದ್ದರು: ಇಂದಿನ ಹೆಸರುಗಳು ಮುಗಿದವು, ಹೊರಗೆ ಹೋಗಿ ಸ್ವಲ್ಪ ತಿರುಗಾಡಿ ಬನ್ನಿ ಎಂಬ ಸಲಹೆ ಪರದೆಯ ಮೇಲೆ ಮೂಡುತ್ತಿತ್ತು! ಇಪ್ಪತ್ತಾರು ಬಾರಿ ಹೊಸದನ್ನು ಆರಂಭಿಸಿದವನಿಗೆ ಇದಕ್ಕಿಂತ ಹಿತವಾದ ಮಾತು ಇನ್ನೇನಿದೆ?

2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ಹುಟ್ಟಿದ ಆರ್ಡುಯಿನೋ ಇದೇ ಪದ್ಧತಿಯನ್ನು ಪಡೆದುಕೊಂಡಿತು. ವಿದ್ಯಾರ್ಥಿಗಳು ದೀಪ ಮಿನುಗಿಸುವುದಕ್ಕೂ ಗಿಡಕ್ಕೆ ನೀರುಣಿಸುವುದಕ್ಕೂ ಬಳಸುವ ಪುಟ್ಟ ವಿದ್ಯುನ್ಮಾನ ಹಲಗೆ ಅದು. ಆದರೆ ಕಾಲಕ್ರಮದಲ್ಲಿ ಅದರ ಎಡಿಟರ್ ವರ್ಷವನ್ನು ಬಿಟ್ಟು, ತಿಂಗಳನ್ನು ಅಕ್ಷರಗಳಲ್ಲಿ ಬರೆಯತೊಡಗಿತು: ‘ಸ್ಕೆಚ್_ಮಾರ್15ಎ’. ಓದುವುದಕ್ಕೆ ಇದು ಸುಲಭವೇನೋ ಸರಿ. ಆದರೆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಇಂಗ್ಲಿಷ್ ವರ್ಣಮಾಲೆಯಂತೆ ಏಪ್ರಿಲ್ ಮೊದಲು, ಆಮೇಲೆ ಆಗಸ್ಟ್, ಡಿಸೆಂಬರ್, ಅದಾದ ಮೇಲೆ ಫೆಬ್ರವರಿ, ಜನವರಿ! ಯಾವ ವರ್ಷದ ಮಾರ್ಚ್ ಎಂಬುದಂತೂ ತಿಳಿಯುವ ಹಾಗಿಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಅಂಕಿಗಳಲ್ಲಿ ಬರೆದರೆ ಪಟ್ಟಿ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತದೆ. 1988ರಲ್ಲಿ ಪ್ರಕಟವಾದ ಐ.ಎಸ್.ಒ. 8601 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವುದೂ ಇದೇ ಕ್ರಮವನ್ನು.

ಯಂತ್ರದೊಳಗೆ ವಿಶ್ವೇಶ್ವರಯ್ಯನವರು

ಅಂಕಿಯನ್ನೂ ದಿನಾಂಕವನ್ನೂ ಬಿಟ್ಟು ಬೇರೊಂದು ದಾರಿ ಹಿಡಿದವರೂ ಇದ್ದಾರೆ. 2013ರಲ್ಲಿ ಹೊರಬಂದ ಡಾಕರ್ ಎಂಬ ಸಾಧನವು ಎಡಿಟರ್ ಅಲ್ಲ. ಪ್ರೋಗ್ರಾಮುಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿಟ್ಟು ನಡೆಸುವ ವ್ಯವಸ್ಥೆ. ಪೆಟ್ಟಿಗೆಗೆ ನಾವು ಹೆಸರಿಡದಿದ್ದರೆ ಅದು ಒಂದು ವಿಶೇಷಣವನ್ನೂ ಒಬ್ಬ ವಿಜ್ಞಾನಿಯ ಅಥವಾ ಎಂಜಿನಿಯರರ ಹೆಸರನ್ನೂ ಜೋಡಿಸಿ ತಾನೇ ಹೆಸರಿಡುತ್ತದೆ. ಆ ಪಟ್ಟಿಯಲ್ಲಿ ಮೇರಿ ಕ್ಯೂರಿ, ಅಲನ್ ಟ್ಯೂರಿಂಗ್, ರಾಮಾನುಜನ್ ಮುಂತಾದವರ ಸಾಲಿನಲ್ಲಿ ಮುದ್ದೇನಹಳ್ಳಿಯ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೂ ಇದ್ದಾರೆ! ಕನ್ನಂಬಾಡಿ ಕಟ್ಟೆಯನ್ನು ಕಟ್ಟಿಸಿ 1955ರಲ್ಲಿ ಭಾರತರತ್ನರಾದ ಮಹನೀಯರ ಹೆಸರು ಎಲ್ಲಿಯೋ ದೂರದೇಶದ ಯಂತ್ರವೊಂದರಲ್ಲಿ ‘ಹ್ಯಾಪಿ_ವಿಶ್ವೇಶ್ವರಯ್ಯ’ ಎಂದು ಮೂಡಬಹುದೆಂಬುದು ಎಂಥ ಸೋಜಿಗ! ಆ ಪ್ರೋಗ್ರಾಮಿನಲ್ಲಿ ಒಂದೇ ಒಂದು ಜೋಡಿಗೆ ನಿಷೇಧವಿದೆ. ‘ಬೋರಿಂಗ್’ ಎಂಬ ವಿಶೇಷಣವು ಆ್ಯಪಲ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಅವರ ಹೆಸರಿನೊಡನೆ ಸೇರಿದರೆ ಯಂತ್ರ ಅದನ್ನು ಬಿಟ್ಟು ಬೇರೊಂದನ್ನು ಆರಿಸುತ್ತದೆ. ಅವರು ನೀರಸ ವ್ಯಕ್ತಿಯಲ್ಲ ಎಂಬ ಕಾರಣವನ್ನೂ ಪಕ್ಕದಲ್ಲಿ ಬರೆದಿಟ್ಟಿದ್ದಾರೆ.

ಇಂಥ ಹೆಸರನ್ನು ಫೋನಿನಲ್ಲಿ ತಪ್ಪಿಲ್ಲದೆ ಹೇಳಬಹುದು, ಒಂದನ್ನು ಇನ್ನೊಂದೆಂದು ಭ್ರಮಿಸುವಂತಿಲ್ಲ. ಇದು ದೊಡ್ಡ ಲಾಭ. ಆದರೆ ಒಳಗೇನಿದೆಯೆಂಬುದನ್ನು ಹೇಳುವ ಶಕ್ತಿ ಇದಕ್ಕೂ ಇಲ್ಲ. ಗಂಟೆಯೊಳಗೆ ಕೆಲಸ ಮುಗಿಸಿ ಅಳಿದುಹೋಗುವ ಪೆಟ್ಟಿಗೆಗೆ ಇದು ಸಾಕು. ಮೂರು ತಿಂಗಳ ದುಡಿಮೆಗೆ ಸಾಲದು.

ಕೇಳದೆ ತಿಳಿದುಕೊಳ್ಳುವ ಜಾಣ್ಮೆ

ಎಲ್ಲಕ್ಕಿಂತ ವಿವೇಕದ ಕ್ರಮವೆಂದು ನನಗೆ ತೋರುವುದು ಬೇರೊಂದು. ಮನುಷ್ಯನು ಹೆಸರು ಹೇಳದಿದ್ದರೂ ಅವನ ಸುತ್ತಮುತ್ತ ಅನೇಕ ಸುಳಿವುಗಳಿರುತ್ತವೆ. ಜಾಲತಾಣಗಳ ಕೆಲಸದಲ್ಲಿ ಬಳಸುವ ಎನ್‌ಪಿಎಂ ಎಂಬ ಸಾಧನವು ಹೊಸ ಪ್ರಾಜೆಕ್ಟನ್ನು ಆರಂಭಿಸುವಾಗ ನಾವು ಯಾವ ಫೋಲ್ಡರಿನಲ್ಲಿ ನಿಂತಿದ್ದೇವೆಂದು ನೋಡಿ, ಅದರ ಹೆಸರನ್ನೇ ಸೂಚಿಸುತ್ತದೆ. ದೊಡ್ಡಕ್ಷರಗಳನ್ನು ಚಿಕ್ಕಕ್ಷರಗಳನ್ನಾಗಿಸಿ, ತೆರಪಿದ್ದಲ್ಲಿ ಅಡ್ಡಗೆರೆ ಹಾಕುತ್ತದೆ. ರಸ್ಟ್ ಭಾಷೆಯ ಕಾರ್ಗೋ ಸಹ ಇರುವ ಫೋಲ್ಡರಿನ ಹೆಸರನ್ನೇ ತೆಗೆದುಕೊಳ್ಳಬಲ್ಲದು. ‘ಗ್ರಂಥಾಲಯ’ ಎಂಬ ಫೋಲ್ಡರನ್ನು ಮಾಡಿದವನು ಹೆಸರಿಡುವ ಕೆಲಸವನ್ನು ಆಗಲೇ ಮುಗಿಸಿದ್ದಾನಲ್ಲವೆ? ಅವನನ್ನು ಎರಡನೆಯ ಸಲ ಕೇಳುವುದೇಕೆ?

ತೆರಪು ತೆಗೆಯುವುದೂ ಅಕ್ಷರಗಳನ್ನು ಒಂದೇ ಅಳತೆಗೆ ತರುವುದೂ ಅಲಂಕಾರಕ್ಕಾಗಿ ಅಲ್ಲ. ಆಜ್ಞೆಗಳನ್ನು ಸಾಲಿನಲ್ಲಿ ಬರೆಯುವಾಗ ಯಂತ್ರವು ತೆರಪನ್ನು ಕಂಡೊಡನೆ ಒಂದು ಹೆಸರು ಮುಗಿದು ಇನ್ನೊಂದು ಆರಂಭವಾಯಿತೆಂದು ತಿಳಿಯುತ್ತದೆ. ಲಿನಕ್ಸ್‌ನಲ್ಲಿ ದೊಡ್ಡ, ಚಿಕ್ಕ ಅಕ್ಷರಗಳ ಹೆಸರುಗಳು ಬೇರೆ ಬೇರೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎರಡೂ ಒಂದೇ.

ಕೆಲವು ಹೆಸರುಗಳನ್ನಂತೂ ಇಡಲೇಬಾರದು. ಹೊಸಬರು ಮೊದಲು ಇಡುವ ಹೆಸರು ‘ಟೆಸ್ಟ್’. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಅದೇ ಹೆಸರಿನ ಆಜ್ಞೆಯೊಂದು ಮೊದಲೇ ಇದೆ. ತನ್ನ ಪ್ರೋಗ್ರಾಮ್ ನಡೆಯುತ್ತದೆಂದು ಅದನ್ನು ಬರೆದವನಿಗೆ ಪರದೆಯ ಮೇಲೆ ಏನೂ ಕಾಣದು, ತಪ್ಪೆಂಬ ಸೂಚನೆಯೂ ಬಾರದು. ಕಾರ್ಗೋ ಈ ಹೆಸರನ್ನು ಮೊದಲೇ ನಿರಾಕರಿಸಿ ಕಾರಣ ಹೇಳುತ್ತದೆ. ಪೈಥಾನ್ ಕಲಿಯುವವನು ತನ್ನ ಫೈಲಿಗೆ ‘ರ‍್ಯಾಂಡಮ್’ ಎಂದು ಹೆಸರಿಟ್ಟು, ಒಳಗೆ ಅದೇ ಹೆಸರಿನ ಗ್ರಂಥಭಂಡಾರವನ್ನು ಕರೆದರೆ ಅವನ ಫೈಲು ತನ್ನನ್ನು ತಾನೇ ಕರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ‘ಕಾನ್’, ‘ನಲ್’ ಎಂಬ ಹೆಸರುಗಳು ಹಳೆಯ ಡಾಸ್ ಕಾಲದಿಂದ ಕಾಯ್ದಿರಿಸಿದವು.

ಬಾಗಿಲಲ್ಲಿಯೇ ತಡೆಯುವ ಹೆಸರು

ಇನ್ನೊಂದು ಜಾಣ ಉಪಾಯವನ್ನು ಹೇಳದೆ ಮುಗಿಸಲಾಗದು. ಮೊಬೈಲಿನ ಪ್ರೋಗ್ರಾಮುಗಳನ್ನು ಬರೆಯುವ ಆ್ಯಂಡ್ರಾಯ್ಡ್ ಸ್ಟುಡಿಯೋದಲ್ಲಿ ಪ್ರತಿಯೊಂದು ಆ್ಯಪಿಗೂ ಎರಡು ಹೆಸರು. ಒಂದು ಜನರು ನೋಡುವ ಹೆಸರು. ಮತ್ತೊಂದು ಯಂತ್ರಗಳು ಗುರುತಿಸುವ ಹೆಸರು. ಎರಡನೆಯದು ಡಿಫಾಲ್ಟ್ ಆಗಿ ‘ಕಾಮ್.ಎಕ್ಸಾಂಪಲ್’ ಎಂದು ಆರಂಭವಾಗುತ್ತದೆ. ಎಕ್ಸಾಂಪಲ್ ಎಂಬ ಜಾಲವಿಳಾಸವನ್ನು ಕೇವಲ ಉದಾಹರಣೆಗಳಿಗಾಗಿ 1999ರಲ್ಲಿಯೇ ಕಾಯ್ದಿರಿಸಲಾಗಿದೆ. ಗೂಗಲ್ ಪ್ಲೇ ಮಳಿಗೆಯು ಈ ಹೆಸರನ್ನು ಹೊತ್ತು ಬಂದ ಆ್ಯಪನ್ನು ಒಳಗೆ ಬಿಡುವುದಿಲ್ಲ. ಒಮ್ಮೆ ಪ್ರಕಟವಾದ ಮೇಲೆ ಆ ಗುರುತಿನ ಹೆಸರನ್ನು ಬದಲಾಯಿಸುವಂತೆಯೇ ಇಲ್ಲ. ಬದಲಾದರೆ ಅದು ಬೇರೆಯೇ ಆ್ಯಪೆಂದು ಲೆಕ್ಕ. ಆದುದರಿಂದ ತಾತ್ಕಾಲಿಕವಾದುದು ಶಾಶ್ವತವಾಗುವ ಕೊನೆಯ ಬಾಗಿಲಿನಲ್ಲಿ ಕಾವಲುಗಾರನನ್ನು ನಿಲ್ಲಿಸಿದ್ದಾರೆ.

ಈ ಎರಡು ಹೆಸರುಗಳ ಕ್ರಮ ಕನ್ನಡಿಗರಿಗೆ ವಿಶೇಷವಾಗಿ ಉಪಯುಕ್ತ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರಕಿತು. ಆದರೂ ಎನ್‌ಪಿಎಂನಂಥ ಸಾಧನಗಳು ಹೊಸ ಪ್ರಾಜೆಕ್ಟಿನ ಗುರುತಿಗೆ ಕನ್ನಡ ಅಕ್ಷರಗಳನ್ನು ಒಪ್ಪುವುದಿಲ್ಲ. ಗುರುತಿನ ಹೆಸರು ರೋಮನ್ ಅಕ್ಷರಗಳಲ್ಲಿರಲಿ. ಜನರು ಕಾಣುವ ಹೆಸರು ಅಚ್ಚ ಕನ್ನಡದಲ್ಲಿರಲಿ.

ಅಣ್ಣನ ಮಗಳ ತೀರ್ಮಾನ

ಇಷ್ಟನ್ನೂ ಆ ಭಾನುವಾರ ಮತ್ತು ಮುಂದಿನ ಭಾನುವಾರ ನಾವಿಬ್ಬರೂ ಚರ್ಚಿಸಿದೆವು. ಕೊನೆಗೆ ಅವಳು ಒಂದು ಹಾಳೆಯಲ್ಲಿ ತನ್ನ ತೀರ್ಮಾನಗಳನ್ನು ಬರೆದಳು. ಫೋಲ್ಡರಿಗೆ ಹೆಸರಿದ್ದರೆ ಅದನ್ನೇ ತೊಳೆದು ಒಪ್ಪವಾಗಿಸಿ ಬಳಸುವುದು. ಯಾವ ಸುಳಿವೂ ಇಲ್ಲದಿದ್ದರೆ ಕೆಲಸದ ಬಗೆಯನ್ನೂ ವರ್ಷ-ತಿಂಗಳು-ದಿನವನ್ನೂ ಸೇರಿಸುವುದು. ಆ ಹೆಸರು ಆಗಲೇ ಇದ್ದರೆ ಕೊನೆಗೊಂದು ಅಂಕಿ ಸೇರಿಸಬೇಕೇ ಹೊರತು ಹಳೆಯದನ್ನು ಮುಟ್ಟಬಾರದು. ಕಾಯ್ದಿರಿಸಿದ ಹೆಸರುಗಳನ್ನು ಕಾರಣ ಹೇಳಿ ನಿರಾಕರಿಸುವುದು. ಹೆಸರು ಬದಲಾಯಿಸಿದರೆ ಒಳಗೂ ಹೊರಗೂ ಒಂದೇ ಏಟಿಗೆ ಬದಲಾಗಬೇಕು.

ಆಮೇಲೆ ಸ್ವಲ್ಪ ಯೋಚಿಸಿ ಆರನೆಯದನ್ನು ಸೇರಿಸಿದಳು: ಯಂತ್ರವಿಟ್ಟ ಹೆಸರಿನ ಪ್ರಾಜೆಕ್ಟನ್ನು ಮೊದಲ ಬಾರಿ ಹೊರಗೆ ಕಳುಹಿಸುವಾಗ ಒಂದೇ ಒಂದು ಸಲ ತಡೆದು, ‘ಇದೇ ಹೆಸರು ಇರಲೆ?’ ಎಂದು ಕೇಳುವುದು.

“ಪ್ರತಿ ಸಲವೂ ಕೇಳಬಹುದಲ್ಲ?” ಎಂದೆ.

“ಪ್ರತಿ ಸಲ ಕೇಳಿದರೆ ಯಾರೂ ಓದುವುದಿಲ್ಲ ಚಿಕ್ಕಪ್ಪ, ಸುಮ್ಮನೆ ಹೌದು ಒತ್ತಿ ಹೋಗುತ್ತಾರೆ. ಒಂದೇ ಸಲ ಕೇಳಿದರೆ ನಿಂತು ನೋಡುತ್ತಾರೆ. ನನ್ನನ್ನೂ ಆ ರಾತ್ರಿ ಯಾರಾದರೂ ಒಂದು ಸಲ ಕೇಳಿದ್ದರೆ ಸಾಕಾಗಿತ್ತು.”

ನಾನು ಮರುಮಾತಾಡಲಿಲ್ಲ. ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಎದ್ದಳು. ಒಳಗಿನಿಂದ ಅವಳ ಅಜ್ಜಿ ಕೂಗಿದರು: “ಪುಟ್ಟೀ, ತಿಂಡಿ ಆರಿಹೋಗುತ್ತಿದೆ, ಬಾರೇ!”

“ಬಂದೆ ಅಜ್ಜೀ” ಎಂದಳು ಇಪ್ಪತ್ತೇಳರ ನಮ್ಮ ಪುಟ್ಟಿ.